ಸುಕೇಶ್ ಹೇಳಿದ ಚಿಟ್ಟೆ

"ಮುಟ್ಟಬೇಡಿ!"

ಗುಹೆಯೊಳಗೆ ಗುಡುಗಿದ ಆ ದನಿಗೆ ಪ್ರಿಯಂವದಾಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು.

ಅವಳ ಇಂಟರ್ನ್‌ಶಿಪ್ಪಿನ ಮೊದಲ ದಿನ ಅದು. ಬೊರಿವಲಿಯ ಕಾಡಿನೊಳಗೆ, ಜನ ಸುಳಿಯದ ಕಡೆ ಇರುವ ನಾಲ್ಕು ಹಳೆಯ ಗುಹೆಗಳನ್ನು ಜೋಪಾನ ಮಾಡುವ ಕೆಲಸ. ಗೋಡೆಯ ಶಾಸನದ ಮೇಲೆ ಧೂಳು ಕಂಡಿತೆಂದು, ಮುಲುಂಡ್‌ನ ಮನೆಯಲ್ಲಿ ಅಮ್ಮ ಶೋಕೇಸ್ ಒರೆಸುವ ಹಾಗೆ ಒರೆಸಲು ಹೊರಟಿದ್ದಳು ಪುಣ್ಯಾತ್ಗಿತ್ತಿ!

ಗುಡುಗಿದವನು ಸುಕೇಶ್. ಗುಹೆಗಳ ಉಸ್ತುವಾರಿ ಅವನದೇ. ಉಡುಪಿ ಕಡೆಯವನು, ವಡಾಲದಲ್ಲಿ ಅವನಪ್ಪನ ಹೋಟೆಲ್.

"ನೀರು ತಾಗಿದ್ರೆ ಕಲ್ಲಿನ ಒಳಗಿನ ಉಪ್ಪು ಹೊರಗೆ ಬರ್ತದೆ. ಅಕ್ಷರ ಎಲ್ಲ ಉದುರಿ ಹೋಗ್ತದೆ. ಒಣ ಬ್ರಶ್ ಮಾತ್ರ. ಗೊತ್ತಾಯ್ತಾ?"

"ಸ... ಸಾರಿ ಸರ್."

ಅಂದಿನಿಂದ ಅವಳಿಗೆ ಎರಡು ಭಯ. ಒಂದು ಕಾಡಿನದು, ಇನ್ನೊಂದು ಅವನದು. ಮೂರನೆಯದೊಂದು ಯಾವಾಗಲೋ ಬಂದು ಸೇರಿಕೊಂಡಿತು. ಬೆಳಿಗ್ಗೆ ಅವನ ಬೈಕಿನ ಸದ್ದು ಕೇಳದಿದ್ದರೆ ಅವಳಿಗೆ ಟಿಫಿನ್ ಸೇರುತ್ತಿರಲಿಲ್ಲ. ಅದಕ್ಕೇನು ಹೆಸರೆಂದು ನಿಮಗೆ ನಾನು ಹೇಳಬೇಕಾಗಿಲ್ಲ ಬಿಡಿ!

ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. "ಸರ್, ಇಲ್ಲಿ ದೊಡ್ಡ ನೀಲಿ ಚಿಟ್ಟೆ ಬರುತ್ತಂತೆ. ಕಂಡ್ರೆ ನನಗೂ ಹೇಳ್ತೀರಾ, ಪ್ಲೀಸ್?"

"ಹ್ಞೂಂ" ಎಂದಿದ್ದ. ಅಷ್ಟೇ. ಮುಖ ಕೂಡ ಎತ್ತಿರಲಿಲ್ಲ.

ಎರಡು ತಿಂಗಳು ಕಳೆಯಿತು. ಆ ಬುಧವಾರ ಬೊರಿವಲಿ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಂತೆ ಅವಳ ಮೊಬೈಲಿಗೆ ಆಫೀಸಿನ ಮೇಲ್ ಬಂತು. 'ಸುಕೇಶ್ ಅವರ ಕೋರಿಕೆಯಂತೆ ನಾಳೆಯಿಂದ ನಿಮ್ಮನ್ನು ಗುಹೆಯ ಕೆಲಸದಿಂದ ಬಿಡಿಸಿ ಆಫೀಸಿಗೆ ಹಾಕಲಾಗಿದೆ.'

ಪ್ಲಾಟ್‌ಫಾರ್ಮಿನಲ್ಲೇ ನಿಂತು ಅದನ್ನು ಮತ್ತೊಮ್ಮೆ ಓದಿದಳು. 'ಅಷ್ಟು ಬೇಡವಾದೆನಾ ನಾನು? ಮುಖಕ್ಕೆ ಹೇಳೋಕೂ ಆಗಲಿಲ್ವಾ?'

ಬೆಳಿಗ್ಗೆಯಿಂದ ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಅವನು ಗುಡ್ಡದ ಮೇಲಿನ ಗುಹೆಗೆ ಹೋದಾಗ ಮಾತ್ರ, ಶಾಸನದ ಮುಂದೆ ಬ್ರಶ್ ಹಿಡಿದುಕೊಂಡೇ ಅತ್ತಳು. ಇನ್ನು ಎರಡು ಗಂಟೆ. ಆಮೇಲೆ ಈ ಗುಹೆಯೂ ಇಲ್ಲ, ಅವನೂ ಇಲ್ಲ.

ಆಗಲೇ ಪಕ್ಕದಲ್ಲಿದ್ದ ವಾಕಿಟಾಕಿ ಕರಕರ ಎಂದಿತು.

"ಪ್ರಿಯಂವದಾ... ಚಿಟ್ಟೆ... ಕರ್ರ್... ನಿಮ್ಮ ಬದಿಗೇ ಬರ್ತಾ ಉಂಟು... ಕರ್ರ್... ಹೊರಗೆ... ಕರ್ರ್..."

ಚಿಟ್ಟೆ!

ನೆನಪಿಟ್ಟಿದ್ದಾನೆ! ಎಂದೋ ಕೇಳಿದ್ದನ್ನು ಮರೆತಿಲ್ಲ! ಕಣ್ಣೊರೆಸಿಕೊಂಡು, ಗುಹೆಯ ಕಬ್ಬಿಣದ ಗೇಟ್ ತಳ್ಳಿ ಹೊರಗೆ ಓಡಿದಳು. ಕತ್ತೆತ್ತಿ ಮರಗಳ ನಡುವೆಲ್ಲ ಹುಡುಕಿದಳು. ನೀಲಿ ಎಲ್ಲೂ ಕಾಣಲಿಲ್ಲ.

ಯಾಕೋ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಕಣ್ಣು ಕೆಳಗಿಳಿಸಿದಳು. ಹದಿನೈದು ಹೆಜ್ಜೆ ದೂರದಲ್ಲಿ, ಕಲ್ಲಿನ ನೀರಿನ ತೊಟ್ಟಿಯ ಅಂಚಿನಲ್ಲಿ... ಚಿರತೆ!

ನೀರು ಕುಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿತ್ತು.

'ಓಡಬಾರದು, ಬೆನ್ನು ತಿರುಗಿಸಬಾರದು...' ಮೊದಲ ವಾರ ಸುಕೇಶ್ ಹೇಳಿಕೊಟ್ಟಿದ್ದು ನೆನಪಾಯಿತು. ಗೇಟಿಗಾಗಿ ಹಿಂದಕ್ಕೆ ಕೈ ಚಾಚಿ ತಡಕಿದಳು, ಸಿಗಲಿಲ್ಲ. ಚಿರತೆ ಒಂದು ಹೆಜ್ಜೆ ಮುಂದಿಟ್ಟಿತು.

'ಅಮ್ಮಾ... ಅವನಿಗೆ ಹೇಳಲೇ ಇಲ್ಲವಲ್ಲ ನಾನು...'

ಢಣ್! ಢಣ್! ಢಣ್!

ಗುಡ್ಡದ ಮೇಲಿನಿಂದ ಸುಕೇಶ್ ಇಳಿದು ಬರುತ್ತಿದ್ದ. ಸ್ಟೀಲ್ ಟಿಫಿನ್ನಿಗೆ ಬಿದಿರು ಕೋಲಿನಿಂದ ಬಾರಿಸುತ್ತ, ತುಳುವಿನಲ್ಲಿ ಏನೇನೋ ಅಬ್ಬರಿಸುತ್ತ ಬಂದವನೇ ಅವಳಿಗೂ ಚಿರತೆಗೂ ನಡುವೆ ನಿಂತುಬಿಟ್ಟ! ಅದರಿಂದ ಕಣ್ಣು ತೆಗೆಯದೆ, ಟಿಫಿನ್ ಕೆಳಗೆ ಬಿಟ್ಟು, ಬೆನ್ನಹಿಂದೆ ಕೈ ಚಾಚಿ ಅವಳ ಕೈ ಹಿಡಿದ. ಒಂದೊಂದೇ ಹೆಜ್ಜೆ ಹಿಂದಿಟ್ಟು ಇಬ್ಬರೂ ಗುಹೆಯೊಳಗೆ ಬಂದರು. ಗೇಟಿನ ಚಿಲಕ ಬಿತ್ತು. ಚಿರತೆ ಸ್ವಲ್ಪ ಹೊತ್ತು ನೋಡಿ, ಪೊದೆಯೊಳಗೆ ಇಳಿದು ಹೋಯಿತು.

"ಎಂತ ಮಾರಾಯ್ತಿ ನೀವು!" ಅವನ ದನಿ ನಡುಗುತ್ತಿತ್ತು. "ಗೇಟ್ ಹಾಕಿ, ಹೊರಗೆ ಬರಬೇಡಿ ಅಂತ ಬಡ್ಕೊಂಡೆ. ಚಿಟ್ಟೆಪಿಲಿ ಅಂದ ಮೇಲೂ ಹೊರಗೆ ಬರುವುದಾ?"

"ನನಗೆ ಕೇಳ್ಸಿದ್ದು ಬರೀ ಚಿಟ್ಟೆ! ಚಿಟ್ಟೆ ಅಂದ್ರಲ್ಲ, ಅದಕ್ಕೇ ಬಂದೆ!" ಅವಳು ಅಳುತ್ತಲೇ ಕಿರುಚಿದಳು. "ನೀಲಿ ಚಿಟ್ಟೆ ತೋರಿಸ್ತಿದ್ದೀರಿ ಅನ್ಕೊಂಡೆ..."

ಸುಕೇಶ್ ಇನ್ನೊಂದು ಕೈಯನ್ನು ತಲೆಯ ಮೇಲೆ ಹೊತ್ತು ಕುಳಿತ. "ಅಯ್ಯೋ ದೇವರೇ... ತುಳುವಿನಲ್ಲಿ ಚಿರತೆಗೆ ಚಿಟ್ಟೆಪಿಲಿ ಅಂತ ಹೇಳುವುದು. ಹೆದರಿಕೆಗೆ ಕನ್ನಡದ ಶಬ್ದವೇ ಬಾಯಿಗೆ ಬರ್ಲಿಲ್ಲ."

"ನಿಮಗೂ ಹೆದರಿಕೆನಾ?"

"ನಿನ್ನೆ ತೊಟ್ಟಿಯ ಹತ್ರ ಅದರ ಹೆಜ್ಜೆ ನೋಡಿದೆ. ನಿನ್ನೆಯೇ ಆಫೀಸಿಗೆ ಬರೆದೆ, ನಿಮ್ಮನ್ನು ಇಲ್ಲಿಂದ ತೆಗೀರಿ ಅಂತ. ನೀವು ಹೆದರ್ತೀರಿ ಅಂತ ನಿಮಗೆ ಹೇಳಲಿಲ್ಲ. ಇವತ್ತು ಹತ್ತೇ ನಿಮಿಷ ಅಂತ ಮೇಲೆ ಹೋದದ್ದು... ನನ್ನದೇ ತಪ್ಪು."

"ನಾನು ಬೇಡ ಅಂತ ತೆಗೆಸಿದ್ದಲ್ವಾ?"

ಅವನು ನೆಲ ನೋಡಿದ. "ಬೇಡದವರಿಗೋಸ್ಕರ ಇಷ್ಟು ಹೆದರ್ತಾರಾ? ನಿಮಗೆ ಏನಾದ್ರೂ ಆಗಿದ್ರೆ ನಾನು ಬದುಕ್ತಿರ್ಲಿಲ್ಲ, ಪ್ರಿಯಂವದಾ. ನನಗೆ ನೀವಂದ್ರೆ... ತುಂಬ ಇಷ್ಟ."

ಅವಳ ಕಣ್ಣಲ್ಲಿ ಮತ್ತೆ ನೀರು. ಈ ಸಲ ಭಯದ್ದಲ್ಲ.

"ನನಗೂ ಇಷ್ಟ, ಸುಕೇಶ್. ಚಿರತೆ ಎದುರಿಗೆ ನಿಂತಾಗ ಅದೊಂದೇ ನೆನಪಾಗಿದ್ದು. ಆಫೀಸಿಗೆ ಹೋಗ್ತೀನಿ, ಆದ್ರೆ ಅದು ಬೇರೆ ಕಡೆ ಹೋಗೋವರೆಗೆ ಮಾತ್ರ. ಆಮೇಲೆ ವಾಪಸ್ ಕರೀಬೇಕು. ಪಕ್ಕಾ?"

"ಪಕ್ಕಾ. ಆದ್ರೆ ಇಬ್ಬರೂ ಒಂದೇ ಗುಹೆಯಲ್ಲಿ ಕೆಲಸ ಮಾಡುವ."

ಹೊರಗೆ ಹಕ್ಕಿಗಳು ಮತ್ತೆ ಕೂಗತೊಡಗಿದವು. ಅವನು ಹಿಡಿದಿದ್ದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಸರ್," ಅವಳು ಮೆಲ್ಲಗೆ ಕೆಣಕಿದಳು, "ಮೊದಲ ದಿನ ಮುಟ್ಟಬೇಡಿ ಅಂದಿದ್ರಿ..."

"ಅದು ಗೋಡೆಯನ್ನು, ಮಾರಾಯ್ತಿ!"