ಏರೋಕೆ ಮುಂಚೆ

ಸಂಜೆ ಆರಕ್ಕೆ ಹೆಂಗಸೊಬ್ಬಳು ಬರಿಗಾಲಲ್ಲಿ ಠಾಣೆಗೆ ಓಡಿಬಂದಳು. ಟೈಲರ್ ಕೆಲಸ ಮಾಡುವ ಅವಳ ಅಕ್ಕನಿಗೆ ಅಂಗಡಿ ಮುಂದೆಯೇ ಕಾರೊಂದು ಗುದ್ದಿ, ನಿಲ್ಲದೆ ಹೋಗಿತ್ತು.

"ಆಂಬುಲೆನ್ಸಲ್ಲಿ ಕಳಿಸಿ ಬಂದೆ ಸಾರ್. ಬಲಗಾಲು ಜಜ್ಜಿಹೋಗಿದೆ. ಆ ಕಾಲಿಲ್ದೆ ಅವಳು ಮೆಷಿನ್ ತುಳಿಯೋದು ಹೆಂಗೆ?"

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಅಂಗೈಯಗಲದ ಒಂದು ಕನ್ನಡಿ ಮಾತ್ರ. ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ನೋಡುತ್ತಿದ್ದಾಗ ಮಹಿಳಾ ಕಾನ್‌ಸ್ಟೇಬಲ್ ಕುತ್ತಿಗೆ ಚಾಚಿದಳು. ಠಾಣೆಯವರು ಅವಳಿಗಿಟ್ಟ ಹೆಸರು 'ಪ್ರಶ್ನೆಪತ್ರಿಕೆ'. ಉತ್ತರ ಸಿಗುವವರೆಗೆ ಅವಳಿಗೆ ಊಟವೂ ಇಳಿಯದು.

"ಸಾರ್, ಇದು ಡ್ರೈವಿಂಗ್ ಸ್ಕೂಲ್ ಕಾರಿಂದು. ಪಕ್ಕ ಕೂತು ಕಲಿಸೋರಿಗೆ ಅಂತ ಹೊರಗಡೆ ಎರಡನೇ ಕನ್ನಡಿ ಇರುತ್ತೆ. ನಾನು ಕಲಿತ ಕಾರಲ್ಲೂ ಇತ್ತು."

ಊರಲ್ಲಿದ್ದದ್ದು ಒಂದೇ ಡ್ರೈವಿಂಗ್ ಸ್ಕೂಲ್. ಅದನ್ನು ನಡೆಸುವ ಮೇಷ್ಟ್ರೇ ತನಗೂ ಕಲಿಸಿದವರು ಎಂದು ಹೊಳೆದು ಅವಳ ಮುಖ ಪೆಚ್ಚಾಯಿತು.

ಏಳು ಗಂಟೆಯೊಳಗೆ ಅಲ್ಲಿಗೆ ಹೋದರು. ಮೇಷ್ಟ್ರ ಮನೆ ಮುಂದೆ ಕಾರು ನಿಂತಿತ್ತು, ಕನ್ನಡಿಯ ಜಾಗ ಖಾಲಿ. ಹಾಸಿಗೆಯಲ್ಲಿದ್ದವರನ್ನು ಎಬ್ಬಿಸಿ, ಕುಡಿದದ್ದನ್ನು ಅಳೆಯುವ ಮೀಟರಿಗೆ ಊದಿಸಿದರು. ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚು.

"ಎಲ್ಲಿ ಕುಡಿದ್ರಿ?"

"ಬಾರಲ್ಲಿ ಸಾರ್."

"ಮನೆಗೆ ಬಂದ್ಮೇಲೆ?"

"ಈ ಮನೇಲಿ ಒಂದು ಹನಿಯೂ ಇಲ್ಲ."

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಮುಂಚೆ ಪ್ರಶ್ನೆಪತ್ರಿಕೆ ಸುಮ್ಮನಿರಲಾರದೆ ಇನ್ನೊಮ್ಮೆ ಊದಿಸಿದಳು. ಅಂಕಿ ಸುಮಾರು ಎರಡು ಪಟ್ಟಾಗಿತ್ತು!

"ಅಯ್ಯೋ! ಇವ್ರು ನಮ್ಮ ಕಣ್ಣೆದುರೇ ಇದ್ರಲ್ಲ? ನೀರು ಬಿಟ್ಟು ಏನೂ ಕುಡಿದಿಲ್ಲ. ಇದೇನು, ಮೀಟರ್ ಕೆಟ್ಟುಹೋಯ್ತಾ?"

"ಸರಿಯಾಗೇ ಇದೆ," ಎಂದರು ವೈದ್ಯೆ. "ಗ್ಲಾಸ್ ಖಾಲಿಯಾದ್ರೆ ಮುಗೀಲಿಲ್ಲಮ್ಮ. ಹೊಟ್ಟೆಯಿಂದ ರಕ್ತಕ್ಕೆ ಸೇರ್ತಾನೇ ಇರುತ್ತೆ. ಒಂದು ಗಂಟೆ, ಹೊಟ್ಟೆ ತುಂಬಿದ್ರೆ ಇನ್ನೂ ತಡ. ಆಮೇಲೇ ಇಳಿಯೋದು."

"ಹಂಗಾದ್ರೆ ಗುದ್ದಿದಾಗ ಕಮ್ಮಿನೇ ಇತ್ತಲ್ವಾ?"

"ಇದ್ರೇನು? ನಾಲಗೆ ತೊದಲೋದು, ಕಾಲು ತಡವರಿಸೋದು ಆಮೇಲೆ. ಮೊದಲು ಹೋಗೋದು ಅಂದಾಜು. ದೂರ ತಿಳಿಯಲ್ಲ, ಬ್ರೇಕ್ ತುಳಿಯೋದು ತಡವಾಗುತ್ತೆ. ಆದ್ರೆ ತನಗೇನೂ ಆಗಿಲ್ಲ ಅಂತ್ಲೇ ಅನ್ಸುತ್ತೆ."

ಇನ್‌ಸ್ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದರು. "ಕುಡಿದು ಎಷ್ಟೊತ್ತಿಗೆ ಹೊರಟ್ರಿ?"

"ತಕ್ಷಣ. ಗಟಗಟ ಕುಡಿದು ಎದ್ದುಬಿಡ್ತೀನಿ. ದಿನಾ ಹಾಗೇ."

"ಯಾಕೆ?"

"ಏರೋಕೆ ಮುಂಚೆ ಮನೆ ಸೇರ್ಕೋಬೇಕಲ್ಲ ಸಾರ್."

ಊರಿಗೆಲ್ಲ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ ಮನುಷ್ಯ ಇದನ್ನು ಎಚ್ಚರಿಕೆಯೆಂದೇ ನಂಬಿದ್ದರು. ಇನ್‌ಸ್ಪೆಕ್ಟರಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಅಲ್ಲಿಯೇ ಬಂಧಿಸಿದರು.

"ಕುಡಿದು ಹೊಸಿಲು ದಾಟಿದ್ರೆ ಬಿಟ್ಟುಹೋಗ್ತೀನಿ ಅಂದಿದ್ಲು ನನ್ನ ಹೆಂಡ್ತಿ," ಎಂದರು ಮೇಷ್ಟ್ರು. "ಏಲಕ್ಕಿ ಅಗಿದು, ಅವಳೆದುರು ನೆಟ್ಟಗೆ ನಿಂತು ಎರಡು ಮಾತಾಡಿ ಮಲಗಿಬಿಡ್ತಿದ್ದೆ. ಇವತ್ತು ಗುದ್ದಿದ್ದು ಗೊತ್ತಾಯ್ತು ಸಾರ್. ನಿಲ್ಸಿದ್ರೆ ಅಲ್ಲೇ ಏರಿಬಿಡುತ್ತೆ ಅಂತ ಹೆದರಿದೆ."

ಟೈಲರಕ್ಕನ ಕಾಲು ಉಳಿಯಿತು. ಮೆಷಿನ್ ತುಳಿಯಲಾಗುವುದೋ ಇಲ್ಲವೋ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು ಎಂದರು ವೈದ್ಯೆ.

ಮರುದಿನ ಮೇಷ್ಟ್ರ ಹೆಂಡತಿಯ ಹೇಳಿಕೆ ಪಡೆಯಲು ಪ್ರಶ್ನೆಪತ್ರಿಕೆಯೇ ಹೋದಳು.

"ಬಂದ ತಕ್ಷಣ ಮಲಗಿಬಿಡ್ತಿದ್ರಮ್ಮ," ಎಂದಳು ಆಕೆ. "ಪಾಪ, ದಿನವಿಡೀ ಕಲಿಸಿ ದಣಿದಿರ್ತಾರೆ ಅಂತ ನಾನೇ ಲೈಟ್ ಆರಿಸ್ತಿದ್ದೆ."

ಪ್ರಶ್ನೆಪತ್ರಿಕೆ ಅದನ್ನು ಬರೆದುಕೊಂಡಳು. ಮುಂದೇನೂ ಕೇಳಲಿಲ್ಲ.