ಸ್ಟೇರಿಂಗಿನ ಮೇಲಿನ ಅರಿಸಿನ

ಫೆಬ್ರವರಿ 12, ಗುರುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಸಾಲಹಳ್ಳಿಯ ರೈತ ಶಟ್ಟೆಪ್ಪ ರಾಮದುರ್ಗ ಠಾಣೆಗೆ ಓಡಿ ಬಂದಾಗ ಅವನ ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ.

“ಮೇಡಮ್ಮರ, ನನ್ನ ಟ್ರ್ಯಾಕ್ಟರ್ ಹೋತ್ರಿ! ಮನಿ ಮುಂದ ನಿಂದರ್ಸಿದ್ದೆ. ಎದ್ದು ನೋಡಿದ್ರ ಇಲ್ರಿ.”

“ಚಾವಿ?” ಎಎಸ್‌ಐ ಜೈಬುನ್ನಿಸಾ ಕೇಳಿದರು.

“ಗಾಡಿಯಾಗ ಇತ್ರಿ. ನಮ್ಮೂರಾಗ ಯಾರು ಒಯ್ತಾರ ಅಂತ…”

7.40ಕ್ಕೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೇಬಲ್ ಬಾಳು ಟ್ರ್ಯಾಕ್ಟರಿನ ಫೋಟೋವನ್ನು ಕಬ್ಬಿನ ಗಾಡಿ ಚಾಲಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಸಾಲಹಳ್ಳಿಯಲ್ಲಿ ಸ್ಥಳ ಪಂಚನಾಮೆ ಬರೆಯುವಾಗ ಜೈಬುನ್ನಿಸಾ ಪಕ್ಕದ ಮನೆಯತ್ತ ನೋಡಿದರು. ಬಾಗಿಲಿಗೆ ಬೀಗ, ಅಂಗಳದಲ್ಲಿ ಹಸಿ ತೆಂಗಿನ ಗರಿಯ ಹಂದರ.

“ಯಾರ ಮದುವಿ?”

“ಭೀಮಶಿ ಮನಿರೀ. ಮದುವಿ ಅಲ್ಲಂತ, ಸಣ್ಣ ಪೂಜಿ ಅಂದ. ನಸಕ್ಲೆ ಕ್ರೂಸರ್ ಗಾಡಿ ಮಾಡ್ಕೊಂಡು ಎಲ್ಲಾರೂ ಕಿತ್ತೂರಿಗೆ ಹೋದ್ರು,” ಎಂದ ಶಟ್ಟೆಪ್ಪ.

ಪೂಜೆಗೆ ಇಷ್ಟು ದೊಡ್ಡ ಹಂದರವೇ? ಅವರು ಅದನ್ನೂ ಬರೆದುಕೊಂಡರು.

9.05ಕ್ಕೆ ಬಾಳುವಿನ ಫೋನು ಗುಂಯ್‌ಗುಟ್ಟಿತು. ಟ್ರ್ಯಾಕ್ಟರ್ ನವಿಲುತೀರ್ಥದ ಕಾಲುವೆ ರಸ್ತೆಯಲ್ಲಿ ನಿಂತಿತ್ತು. ಅವರು ಅಲ್ಲಿಗೆ ಮುಟ್ಟಿದಾಗ ಹತ್ತು ಗಂಟೆ. ಡೀಸೆಲ್ ಖಾಲಿ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬಾಳು ಸ್ಟೇರಿಂಗ್ ಮುಟ್ಟಲು ಕೈ ಚಾಚಿದ.

“ತಡಿ!” ಜೈಬುನ್ನಿಸಾ ಬಗ್ಗಿ ನೋಡಿದರು. ಸ್ಟೇರಿಂಗಿನ ಎರಡೂ ಬದಿಗೆ ಹಳದಿ ಬಣ್ಣ. ಮೂಸಿದರು. ಅರಿಸಿನ. ಶಟ್ಟೆಪ್ಪನ ಪಕ್ಕದ ಮನೆಯ ಹಂದರ ನೆನಪಾಯಿತು. ಇದು ಕಳ್ಳನ ಕೈಯಲ್ಲ, ಮದುಮಗಳ ಕೈ.

ಹುಡುಗಿ ದೂರ ಹೋಗಿರಲಿಲ್ಲ. ರಸ್ತೆ ಬದಿಯ ಚಹಾದಂಗಡಿಯ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದಳು. ಜೈಬುನ್ನಿಸಾ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಯೂ ಹೌದು. ಮಕ್ಕಳೆದುರು ಖಾಕಿಯಲ್ಲಿ ನಿಲ್ಲಬಾರದೆಂಬುದು ನಿಯಮ. ಜೀಪಿನಲ್ಲಿ ಸದಾ ಇರುವ ಸೀರೆಯನ್ನು ಅಂಗಡಿಯೊಳಗೆ ಉಟ್ಟು ಬಂದು ಅವಳ ಪಕ್ಕದಲ್ಲಿ ಕುಳಿತರು.

“ಹೆಸರೇನವ್ವಾ?”

“ಮಾಲಾ.”

“ವಯಸ್ಸು?”

“ಹದಿನಾರು. ಟ್ರ್ಯಾಕ್ಟರ್ ನಾನಽ ತಂದೇನ್ರಿ. ಸವದತ್ತಿಗೆ ಹೊಂಟಿದ್ದೆ. ನಮ್ಮ ಸಾಲಿಗೆ ಬಂದಿದ್ದ ಇಂದ್ರವ್ವ ಅಕ್ಕಾರು ಏನರ ಆದ್ರ ಬಾ ಅಂದಿದ್ರು. ದಾರಿ ತಪ್ಪಿತು.”

ಇಂದ್ರವ್ವ ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕಿ. ಬಾಳು ಆಗಲೇ ಅವರಿಗೆ ಫೋನ್ ಹಚ್ಚಿದ್ದ.

“ಮದುವಿ ಯಾರು ಮಾಡಾಕ ಹತ್ತಿದ್ರು?”

“ನಮ್ಮ ದೊಡ್ಡಪ್ಪ, ಭೀಮಶಿ. ಅಪ್ಪ ಅವ್ವ ಸತ್ತ ಮ್ಯಾಲೆ ಅವನಽ ಸಾಕ್ಯಾನ.” ಮಾಲಾ ಒಮ್ಮೆಲೆ ಅವರ ಕೈ ಹಿಡಿದಳು. “ಮೇಡಮ್ಮರ, ನಾ ತಪ್ಪಿಸ್ಕೊಂಡ್ರ ಮದುವಿ ನಿಲ್ಲತದ ಅಂದ್ಕೊಂಡಿದ್ದೆ. ಇಲ್ಲಿ ಕುಂತ ಮ್ಯಾಲೆ ಹೊಳೀತು. ಮಹಾನಂದಾ ಅಲ್ಲೇ ಅದಾಳ. ನನ್ನ ತಂಗಿ. ಹದಿನಾಲ್ಕು ವರ್ಷ. ನನ್ನ ಬದಲಿ ಅಕಿನ್ನ ಮಣಿ ಮ್ಯಾಲೆ ಕೂಡಸ್ತಾರ್ರಿ!”

“ಅಕ್ಷತಾ ಬೀಳೋದು ಎಷ್ಟಕ್ಕ?”

“ಹನ್ನೆರಡೂ ಮೂವತ್ತೈದಕ್ಕ. ಕಿತ್ತೂರು, ಕೋಟಿ ಹಿಂದಿನ ಓಣಿ.”

10.40. ಮಾಲಾಳನ್ನು ಸವದತ್ತಿಯಿಂದ ಬಂದ ಇಂದ್ರವ್ವನ ಕೈಗೆ, ಟ್ರ್ಯಾಕ್ಟರನ್ನು ಅಲ್ಲಿನ ಠಾಣೆಯ ಪೇದೆಯ ಕೈಗೆ ಒಪ್ಪಿಸಿ ಜೀಪು ಹೊರಟಿತು. ಬೈಲಹೊಂಗಲದ ಹತ್ತಿರ ಕಬ್ಬಿನ ಗಾಡಿಗಳ ಸಾಲು ರಸ್ತೆ ತುಂಬಿ ನಿಂತಿತ್ತು. ಬಾಳು ಸೈರನ್ ಹಾಕಿ, ಎಡಗಡೆಯ ಚಕ್ರಗಳನ್ನು ಮಣ್ಣಿಗಿಳಿಸಿ ಒಂದೊಂದಾಗಿ ಗಾಡಿಗಳನ್ನು ದಾಟಿಸಿದ. ಜೈಬುನ್ನಿಸಾ ಒಂದು ಕೈಯಲ್ಲಿ ಜೀಪಿನ ಕಂಬಿ ಹಿಡಿದು ಇನ್ನೊಂದರಲ್ಲಿ ಕಿತ್ತೂರು ಠಾಣೆಗೆ ಮಾತಾಡುತ್ತಲೇ ಇದ್ದರು.

12.16ಕ್ಕೆ ಕಿತ್ತೂರಿನ ಇಬ್ಬರು ಪೇದೆಗಳೂ ಅವರೂ ಕೋಟೆಯ ಹಿಂದಿನ ಓಣಿ ಹೊಕ್ಕರು. ವರನ ಮನೆ ಖಾಲಿ! ಹುಡುಗಿ ಓಡಿದ್ದು ಗೊತ್ತಾಗಿ ಜಾಗ ಬದಲಿಸಿದ್ದರು. ಬಾಗಿಲಲ್ಲಿದ್ದ ಮುದುಕಿ ಇವರನ್ನು ಕಂಡು ಕದ ಹಾಕಿಕೊಂಡಳು. ಅಷ್ಟರಲ್ಲಿ ಹಿತ್ತಲಿನಿಂದ ಸರಕಿನ ಆಟೋವೊಂದು ಹೊರಬಿತ್ತು. ಅದರ ತುಂಬ ಹಬೆಯಾಡುವ ಗೋಧಿ ಹುಗ್ಗಿಯ ಪಾತ್ರೆಗಳು.

“ಹುಗ್ಗಿ ಹೋದಲ್ಲೇ ಮದುವಿ ಐತ್ರಿ ಮೇಡಮ್ಮರ!” ಬಾಳು ಚೀರಿ ಗೇರ್ ಹಾಕಿದ.

ಆಟೋ ಊರಾಚೆಯ ತೋಟದ ಮನೆಯೊಂದರ ಮುಂದೆ ನಿಂತಿತು. ಜೀಪು ನಿಲ್ಲುವ ಮುಂಚೆಯೇ ಜೈಬುನ್ನಿಸಾ ಜಿಗಿದರು. ಒಳಗೆ ಅಂತರಪಟ ಹಿಡಿದಿದ್ದರು. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಮಣೆಯ ಮೇಲೆ ಅಕ್ಕನ ಅಳತೆಯ ಕುಪ್ಪಸ ತೊಟ್ಟ ಮಹಾನಂದಾ. ಕಟ್ಟಿದ ಬಾಸಿಂಗ ಹಣೆಯಿಂದ ಮೂಗಿಗೆ ಜಾರಿತ್ತು.

“ಯಾರೂ ಕೈ ಎತ್ತಬ್ಯಾಡ್ರಿ!”

ವಾದ್ಯ ನಿಂತಿತು. ಗಡಿಯಾರದಲ್ಲಿ 12.31. ಹುಡುಗಿ ಎದ್ದವಳೇ ಓಡಿ ಬಂದು ಅವರ ಸೊಂಟಕ್ಕೆ ತೆಕ್ಕೆ ಬಿದ್ದಳು. “ಅಕ್ಕ ಎಲ್ಲಿ?”

“ಆರಾಮ ಅದಾಳ. ಅಕಿನಽ ನಮ್ಮನ್ನ ಕಳಿಸ್ಯಾಳ.”

ವರನನ್ನೂ ಅವನ ತಂದೆಯನ್ನೂ ಪೇದೆಗಳು ಹಿಡಿದರು. ಭೀಮಶಿ ಓಡಲಿಲ್ಲ, ತಲೆಗೆ ಸುತ್ತಿದ್ದ ಪಟಕಾ ತೆಗೆದು ಕಂಕುಳಲ್ಲಿಟ್ಟುಕೊಂಡು ತಾನೇ ಜೀಪು ಹತ್ತಿದ. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಕಿತ್ತೂರು ಠಾಣೆಯಲ್ಲಿ ಪ್ರಕರಣ ದಾಖಲಾಗಿ, ಮೂವರ ಬಂಧನವಾಯಿತು.

ಸಂಜೆಯೊಳಗೆ ಮಾಲಾಳ ಹೆಸರು ಎರಡು ಕಡತ ಸೇರಿತು. ಟ್ರ್ಯಾಕ್ಟರ್ ಒಯ್ದದ್ದಕ್ಕೆ ಬೆಳಗಾವಿಯ ಬಾಲನ್ಯಾಯ ಮಂಡಳಿಗೆ ಒಂದು. ರಕ್ಷಣೆ ಬೇಕಾದ ಮಗುವೆಂದು, ತಂಗಿಯ ಜೊತೆಗೆ, ಮಕ್ಕಳ ಕಲ್ಯಾಣ ಸಮಿತಿಗೆ ಇನ್ನೊಂದು. ಶಟ್ಟೆಪ್ಪ ಫೋನಿನಲ್ಲಿ ಗೋಗರೆದ: “ಕೇಸ್ ಬ್ಯಾಡ್ರಿ! ಆ ಕೂಸಿಗೆ ಟ್ರ್ಯಾಕ್ಟರ್ ಕಲಿಸಿದಾವ ನಾನಽ.”

“ಕೇಸ್ ನಾ ಹರದು ಒಗ್ಯಾಕ ಬರಂಗಿಲ್ಲ. ಮಂಡಳಿ ಮುಂದ ಬಂದು ಇದನ್ನಽ ಹೇಳ್ರಿ,” ಎಂದರು ಜೈಬುನ್ನಿಸಾ. ನಗು ಬಂತು.

ಕೊನೆಗೆ ಭೀಮಶಿಯ ಹೇಳಿಕೆ.

“ಹುಡುಗ್ಯಾರ ಮ್ಯಾಲೆ ಸಿಟ್ಟಿತ್ತೇನು?”

“ಇಲ್ರಿ. ಹೆದರಿಕಿ ಇತ್ರಿ. ಎರಡು ವರ್ಷದ ಹಿಂದ ನನ್ನ ಮಗಳು ಯಾರನೋ ಮೆಚ್ಚಿ ಹೋದ್ಳು. ಅವತ್ತಿಂದ ಊರಾಗ ಯಾರೂ ನಮ್ಮನ್ನ ಊಟಕ್ಕ ಕರದಿಲ್ಲ. ಇವರಿಬ್ರೂ ಹಂಗಽ ಹೋದ್ರ ಅಂತ ನಿದ್ದಿನಽ ಇರಲಿಲ್ರಿ.”

“ಆ ಮಗಳು ಈಗ ಎಲ್ಲಿ?”

“ಧಾರವಾಡದಾಗ ನರ್ಸ್ ಅದಾಳಂತ.”

ಜೈಬುನ್ನಿಸಾ ಹೊಸ ಹಾಳೆ ತೆಗೆದರು. “ಹುಡುಗ್ಯಾರನ್ನ ನೋಡಾಕ ಬರೋ ಮನ್ಯಾವ್ರು ಯಾರು ಅಂತ ನಾಳೆ ಸಮಿತಿ ಕೇಳತದ. ನಿಮ್ಮ ಮಗಳ ಹೆಸರು ಹೇಳ್ರಿ.”

ಭೀಮಶಿ ಪಟಕಾದ ಅಂಚು ತಿರುವಿದ. ಬಾಳು ತಂದಿಟ್ಟ ಚಹಾ ಪಕ್ಕಕ್ಕೆ ಸರಿಸಿದ.

“ಕಸ್ತೂರಿ,” ಎಂದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಹೆಸರು.