ಎಂಜಿನ್ನಿನೊಳಗಿನ ಸಿಳ್ಳೆ

"ಮುಚ್ರೀ ಅದನ್ನ! ಮೊದಲು ಮುಚ್ಚಿ!"

ಟೈಲರಮ್ಮನ ಕೂಗಿಗೆ ಮೆಕ್ಯಾನಿಕ್ ಬೆಚ್ಚಿಬಿದ್ದ. ಪಾಪ, ಅವನು ಮಾಡಿದ್ದಿಷ್ಟೇ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದಿದ್ದ. ಅಷ್ಟಕ್ಕೇ ಆ ಹಳೇ ಕಾರಿನೊಳಗಿಂದ ಬರುತ್ತಿದ್ದ ಸಣ್ಣ ಸಿಳ್ಳೆ ಥಟ್ಟನೆ ನಿಂತುಹೋಗಿತ್ತು.

ಮುಚ್ಚಳ ಮುಚ್ಚಿದ. ಸೂಂಯ್... ಸಿಳ್ಳೆ ಮತ್ತೆ ಶುರುವಾಯಿತು. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ನಮ್ಮನೆಯವರು... ಗೇಟ್ ಹತ್ರ ನಿಂತು ಹೀಗೇ ಸಿಳ್ಳೆ ಹಾಕ್ತಿದ್ರು. 'ಬಂದೆ, ತೆಗಿ' ಅಂತ. ಅವರು ಹೋದ ಮೇಲೆ ಈ ಕಾರು ಶುರು ಮಾಡ್ತು."

ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಮಾತು ಬದಲಿಸಿದ.

"ಆಯಿಲ್ ಸ್ವಲ್ಪ ಕಮ್ಮಿಯಿದೆ ಅಷ್ಟೇ. ಹಾಕ್ತೀನಿ, ಓಡುತ್ತೆ ಬಿಡಿ."

ಓಡಿತು. ಆಯಿಲ್ ಮತ್ತೆ ಕಮ್ಮಿಯಾಯಿತು, ಅವಳು ಮತ್ತೆ ಬಂದಳು. ಹೊಲಿದ ಬಟ್ಟೆಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು, ಅಂಗಡಿಗಳಿಗೆ ಕೊಡುವ ದಾರಿಯಲ್ಲಿ. ಒಂದು ದಿನ ಅವನ ಹರಿದ ಜೇಬನ್ನು ಅಲ್ಲೇ ಕೂತು ಹೊಲಿದುಕೊಟ್ಟಳು.

"ಜೇಬು ಗಟ್ಟಿಯಾಯ್ತು, ಇನ್ನು ಹಾಕೋಕೆ ಏನಾದ್ರೂ ಬೇಕಲ್ಲ!" ಎಂದ ಅವನು.

ಎಷ್ಟೋ ಕಾಲದ ಮೇಲೆ ಅವಳು ಬಾಯ್ತುಂಬ ನಕ್ಕಳು.

ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ಸಿಳ್ಳೆ ಕೇಳಿಸಿತು.

'ನಾನು ನಕ್ಕಿದ್ದು... ಕೇಳಿಸ್ತಾ ನಿಮಗೆ?'

ಖಾಲಿ ಪಕ್ಕದ ಸೀಟನ್ನು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಹೀಗಿರುವಾಗ ಒಂದು ದಿನ ಪೆಟ್ರೋಲ್ ಹಾಕಿಸಲು ನಿಂತಾಗ, ಸಿಳ್ಳೆ ಕೇಳಿ ಬಂದ ಬಂಕಿನ ಪಕ್ಕದ ಮುದುಕ ಮೆಕ್ಯಾನಿಕ್ ಬಾನೆಟ್ ಕೆಳಗೆ ಇಣುಕಿ ತಲೆ ಕೊಡವಿದ. "ಎಂಜಿನ್ ಮುಂದಿನ ಸೀಲ್, ಎಣ್ಣೆ ತಡೆಯೋ ರಬ್ಬರ್ ಉಂಗುರ, ಯಾವತ್ತೋ ಹೋಗಿದೆಯಮ್ಮಾ. ಬೆಲ್ಟ್ ಮೇಲೆಲ್ಲ ಎಣ್ಣೆ! ಬೆಲ್ಟ್ ಜಾರಿದ್ರೆ ಎಂಜಿನ್ ಗೋವಿಂದ. ನಿಮ್ಮ ಮೆಕ್ಯಾನಿಕ್ ನಿಮ್ಮ ಕಿವಿಗೆ ಹೂವು ಇಟ್ಟಿದ್ದಾನೆ."

ಅವಳು ಉರಿದುಬಿದ್ದಳು. ನೇರ ಗ್ಯಾರೇಜಿಗೆ ಬಂದವಳೇ ಕೀ ಎಸೆದಳು.

"ಗೊತ್ತಿದ್ದೂ ಹೇಳಲಿಲ್ಲ! ಗಂಡ ಇಲ್ಲದವಳು, ಏನು ಹೇಳಿದ್ರೂ ನಂಬ್ತಾಳೆ ಅಂತಾನಾ?"

ಅವನು ತಲೆ ತಗ್ಗಿಸಿದ.

"ಆ ಸೀಲ್ ಸಂದಿಯಿಂದ ಗಾಳಿ ಎಳ್ಕೊಳ್ಳುತ್ತೆ. ಸಿಳ್ಳೆ ಬರೋದು ಅಲ್ಲಿಂದಾನೇ. ಸೀಲ್ ಬದಲಾಯಿಸಿದ್ರೆ... ನಿಂತುಹೋಗುತ್ತೆ."

ಅವಳು ಕಾರಿನತ್ತ ತಿರುಗಿದಳು.

"ಬೆಲ್ಟ್ ನೆಂದಾಗೆಲ್ಲ ನಾನೇ ಹೊಸದು ಹಾಕಿದೀನಿ, ನಿಮಗೆ ಹೇಳದೆ. ಬೆಲ್ಟ್ ಮೇಲಿನ ಕವರ್ ಬಿಚ್ಚಿ, ಹಾಳಾದ ಸೀಲ್ ಕಣ್ಣೆದುರೇ ಇದ್ರೂ ಹಾಗೇ ಮುಚ್ಚೋದು... ನಮ್ಮ ಕಸುಬಿನಲ್ಲಿ ಪಾಪ ಅದು. ಗೊತ್ತಿದ್ದೇ ಮಾಡಿದೆ. ಸಿಳ್ಳೆ ಬಂದಾಗೆಲ್ಲ ನೀವು ಈ ಗ್ಯಾರೇಜ್ ಗೇಟ್ ಕಡೆ ತಿರುಗ್ತಿದ್ರಿ. ಅದನ್ನ ನಿಲ್ಲಿಸೋನು ನಾನಾಗೋದು ಬೇಡ ಅನ್ನಿಸ್ತು."

ಕಾರನ್ನು ಅಲ್ಲೇ ಬಿಟ್ಟು ಅವಳು ಮನೆಗೆ ನಡೆದಳು. ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಎಲ್ಲವನ್ನೂ ಹೇಳಿಕೊಂಡು ಬಿಕ್ಕಿದಳು.

"ಅದೂ ನಿಂತ್ರೆ ನನಗೇನು ಉಳಿಯುತ್ತೆ ಅತ್ತೆ?"

ಅತ್ತೆಯ ಕಣ್ಣೂ ತುಂಬಿತ್ತು. "ನನ್ನ ಮಗ ಸಿಳ್ಳೆ ಹಾಕ್ತಿದ್ದದ್ದು ನೀನು ಗೇಟಲ್ಲೇ ನಿಂತಿರಲಿ ಅಂತಲ್ಲ ಕಣೇ. ಗೇಟ್ ತೆಗೀಲಿ ಅಂತ."

ಮರುದಿನ ಬೆಳಗ್ಗೆ ಅವಳು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದಳು.

"ಬದಲಾಯಿಸಿ. ನಾನು ನೋಡ್ತಿರ್ತೀನಿ."

ಪುಲ್ಲಿ ಚಕ್ರ ಕಳಚಿ ಬಂತು, ಕವರ್ ಬಂತು, ಬೆಲ್ಟ್ ಬಂತು. ಕೊನೆಗೆ ಹಳೇ ಸೀಲನ್ನು ಮೀಟಿ ತೆಗೆದು ಅವಳ ಅಂಗೈ ಮೇಲಿಟ್ಟ. ಮಗುವಿನ ಬಳೆಯಷ್ಟು ಚಿಕ್ಕದು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

"ಇಷ್ಟೇನಾ?"

"ಇಷ್ಟೇ."

ಹೊಸ ಸೀಲಿನ ಅಂಚಿಗೆ ಬೆರಳಿನಿಂದ ಎಣ್ಣೆ ಸವರಿ, ಸುತ್ತಲೂ ಸಮನಾಗಿ ಒತ್ತಿ ಕೂರಿಸಿದ. ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿದ.

ಸಿಳ್ಳೆಯಿಲ್ಲ...

ಅವಳು ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ, ಒಂದು ಲೋಟ ನೀರು ತಂದಿಟ್ಟು ದೂರ ನಿಂತ. ಕಾರನ್ನು ಒಂದು ಸುತ್ತು ಓಡಿಸಿ ನೋಡಿ ತಾನೇ ಮನೆಗೆ ತಲುಪಿಸುವುದಾಗಿ ಹೇಳಿ ಅವಳನ್ನು ಕಳಿಸಿದ.

ಸಂಜೆ ಬಟ್ಟೆ ಹೊಲಿಯುತ್ತಿದ್ದವಳು ಸುಮ್ಮನೆ ಕಿಟಕಿಯತ್ತ ನೋಡಿದಳು. ಗೇಟಿನಾಚೆ ಕಾರು. ಪಕ್ಕದಲ್ಲಿ ಅವನು, ಕೀ ಹಿಡಿದುಕೊಂಡು.

ಓಡಿ ಹೋದಳು. "ಎಷ್ಟು ಹೊತ್ತಾಯ್ತು ಬಂದು? ಹಾರ್ನ್ ಮಾಡಬಾರದಾ?"

"ಮನಸ್ಸು ಬರಲಿಲ್ಲ. ಸಿಳ್ಳೆ ಹಾಕೋಕೆ ನನಗೆ ಬರಲ್ಲ... ಬಂದಿದ್ರೂ ಹಾಕ್ತಿರಲಿಲ್ಲ. ಅದು ಅವರದ್ದು."

"ಮತ್ತೆ ಹೀಗೇ ನಿಂತಿರ್ತಿದ್ರಾ?"

"ನಿಮಗಾಗಿ ಅಂದ್ರೆ ನಿಂತಿರ್ತೀನಿ. ಇಷ್ಟು ದಿನ ಕಾದಿದ್ದೂ ನಿಮಗಾಗೇ."

ಅವಳ ಕೈ ಚಿಲಕದ ಮೇಲಿತ್ತು. ಕಿವಿಗೊಟ್ಟು ಕೇಳಿದಳು. ಯಾರೂ ಕರೆಯುತ್ತಿರಲಿಲ್ಲ. ಅವಳ ಎದೆಯಲ್ಲಿ ಭಯವೂ ಇರಲಿಲ್ಲ.

"ಏ, ಯಾರಾದ್ರೂ ಆ ಗೇಟ್ ತೆಗೀರೇ! ಮನುಷ್ಯನ್ನ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸ್ತಾರಾ?" ಒಳಗಿಂದ ಅತ್ತೆ ಕೂಗಿದರು.

ಅವಳು ಕಣ್ಣೀರಿನಲ್ಲೇ ನಕ್ಕು ಚಿಲಕ ಸರಿಸಿದಳು.

"ಬನ್ನಿ."

"ಬಂದೆ."